ಮಂತ್ರಿಸಿದ ಮಣ್ಣು

ಕಿಲವಾಲದ ಹಳೆಯ ಇಗರ್ಜಿಗೆ ಮುನ್ನೂರು ವರ್ಷಗಳಿಂದ ಚಾವಣಿ ಇರಲಿಲ್ಲ. ಇಂಗ್ಲೆಂಡಿನ ಕ್ರಾಮ್‌ವೆಲ್ಲನ ದಂಡಿನವರು ಬೆಂಕಿ ಇಟ್ಟು ಹೋದ ಮೇಲೆ ಗೋಡೆಗಳಷ್ಟೇ ನಿಂತಿದ್ದವು. ನಮ್ಮ ಊರಿನವರು ಆ ಗೋಡೆಗಳ ನಡುವೆ ಮಳೆಯಲ್ಲಿ ನೆನೆಯುತ್ತಲೇ ಪೂಜೆ ಕೇಳಿದರು, ಆ ನೆಲದಲ್ಲೇ ತಮ್ಮ ಸತ್ತವರನ್ನು ಮಣ್ಣು ಮಾಡಿದರು. ಒಳಗಿನ ನೆಲದಲ್ಲಿ ಜಾಗ ಸಿಗುವುದೆಂದರೆ ಒಂದು ಮರ್ಯಾದೆ. ಹೊರಗೆ, ಉತ್ತರದ ಗೋಡೆಯಾಚೆ, ಬಿಸಿಲು ಬೀಳದ ಕಡೆ, ಜ್ಞಾನಸ್ನಾನವಾಗುವ ಮೊದಲೇ ಸತ್ತ ಕೂಸುಗಳನ್ನು ಹೂಳುತ್ತಿದ್ದರು. ಅದು ಪಾದ್ರಿಗಳು ಮಂತ್ರಿಸದ ನೆಲ. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ, ಹುಲ್ಲು ಮಾತ್ರ.

1972ರ ವಸಂತದಲ್ಲಿ ಇಗರ್ಜಿಗೆ ಮತ್ತೆ ಚಾವಣಿ ಹೊದಿಸುವ ಕೆಲಸ ಶುರುವಾಯಿತು. ಹಾಸುಗಲ್ಲು ಹಾಕುವ ಮೊದಲು ನೆಲವನ್ನು ಅಗೆದು ನೋಡಲು ಡಬ್ಲಿನ್ನಿನಿಂದ ಮಿಸ್ ಟ್ವೊಮಿ ಬಂದರು. ಹುಟ್ಟೂರು ಕಾರ್ಕ್; ಮಾತಿನ ಧಾಟಿ ಏರಿ ಏರಿ ಇಳಿಯುತ್ತಿತ್ತು. "ಗುಬ್ಬಚ್ಚಿಗಳು ಜಗಳ ಆಡಿದ ಹಾಗಿದೆ" ಎಂದು ನನ್ನ ಅಮ್ಮ ಡೀಲಿಯಾ ನಗುತ್ತಿದ್ದಳು. ಅಗೆಯುವುದಕ್ಕೆ ಊರಿನ ಎಂಟು ಜನ ಸೇರಿದರು. ಅವರ ಮೇಲ್ವಿಚಾರಣೆ ಫೆಸ್ಟಿ ಹೆರಟಿಯದು. ನನ್ನ ಕೆಲಸ ಅವರಿಗೆಲ್ಲ ಚಹಾ ಕಾಯಿಸುವುದು, ಮಣ್ಣಿನಲ್ಲಿ ಸಿಕ್ಕ ಚೂರುಪಾರುಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯುವುದು. ನನಗಾಗ ಇಪ್ಪತ್ತೈದು ನಡೆಯುತ್ತಿತ್ತು.

ಫೆಸ್ಟಿ ನಮ್ಮ ಪಕ್ಕದ ಮನೆಯವನು. ಜ್ಞಾನಸ್ನಾನದ ದಿನ ನನ್ನನ್ನು ಕೈಯಲ್ಲಿ ಹಿಡಿದು ನಿಂತವನು. ನಾನು ಹುಟ್ಟುವ ಮೊದಲೇ ಅಪ್ಪ ತೀರಿಹೋಗಿದ್ದ. ಹಾಗಾಗಿ ನನ್ನ ಮೊದಲ ಬೂಟು ಕೊಡಿಸಿದವನೂ, ಸೈಕಲ್ ಹತ್ತಿಸಿದವನೂ ಫೆಸ್ಟಿಯೇ. ಅವನಿಗೂ ಅವನ ಹೆಂಡತಿ ಬಿಡ್‌ಗೂ ಮಕ್ಕಳಿರಲಿಲ್ಲ. ಬಿಡ್ ಸತ್ತು ಹತ್ತು ವರ್ಷವಾಗಿತ್ತು. ದಿನಾ ಸಂಜೆ ನಮ್ಮ ಅಡುಗೆಮನೆಯ ಒಲೆಯ ಮುಂದೆ ಅವನಿಗೊಂದು ಕುರ್ಚಿ ಇತ್ತು.

ಅಪ್ಪ ಮೈಲ್ಸ್ ಮಲ್ಕ್ರೋನ್ ಕಲ್ಲುಕುಟಿಗ. ಇಗರ್ಜಿಯ ದಕ್ಷಿಣದ ಗೋಡೆಯ ಎರಡನೆಯ ಕಿಟಕಿ ಬಿದ್ದುಹೋಗಿದ್ದಾಗ, ಯಾರೂ ಕೇಳದೆ, ಎರಡು ಬೇಸಿಗೆ ಕೂತು ಅದರ ಕಮಾನನ್ನು ಮತ್ತೆ ಕಟ್ಟಿದ. ಆಗಿನ ಪಾದ್ರಿ ಆ ಕಿಟಕಿಯ ಕೆಳಗಿನ ಜಾಗವನ್ನು ಅವನಿಗೂ ಅವನ ಹೆಂಡತಿಗೂ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ಅಲ್ಲಿ ಯಾರನ್ನೂ ಹೂತಿರಲಿಲ್ಲ. ಅಪ್ಪ ಸತ್ತದ್ದು ನಲವತ್ತೇಳರ ದೊಡ್ಡ ಹಿಮದಲ್ಲಿ, ಎದೆಗೆ ಶೀತ ಇಳಿದು. ಹಿಮ ಬೇಲಿಗಳನ್ನು ಮುಚ್ಚಿತ್ತು. ಹೆಣದ ಜೊತೆ ಹೋದವರು ನಾಲ್ಕೇ ಜನ.

ಅಮ್ಮ ಹೋಗಿರಲಿಲ್ಲ. ಅವಳು ಬಸುರಿ, ನಾನು ಹೊಟ್ಟೆಯಲ್ಲಿದ್ದೆ. ಬಸುರಿ ಹೆಂಗಸು ಗೋರಿಗಳ ನಡುವೆ ಕಾಲು ಜಾರಿದರೆ ಮಗು ಕುಂಟಾಗಿ ಹುಟ್ಟುತ್ತದೆ ಎಂಬುದು ನಮ್ಮಲ್ಲಿ ಅಜ್ಜಂದಿರ ಕಾಲದ ಮಾತು, ಯಾರೂ ಮೀರಿದ್ದಿಲ್ಲ. ಇನ್ನೊಂದು ಮಾತೂ ಹಾಗೆಯೇ: ಸತ್ತವರ ರಕ್ತಸಂಬಂಧಿಗಳು ಗುಂಡಿ ಅಗೆಯಬಾರದು, ನೆರೆಯವರೇ ಅಗೆಯಬೇಕು. ಅಂದು ಗುಂಡಿ ಅಗೆದವನು ಫೆಸ್ಟಿ. ಮುದಿ ಪಾದ್ರಿಗೆ ಮನೆಯಿಂದ ಹೊರಡಲಾಗದೆ, ಬಾಗಿಲಲ್ಲೇ ಒಂದು ಹಿಡಿ ಮಣ್ಣು ಮಂತ್ರಿಸಿ ಕೊಟ್ಟರು, ಪೆಟ್ಟಿಗೆಯ ಮೇಲೆ ಸುರಿಯಲು. ಹಿಮಕ್ಕೆ ನೆನೆಯದಿರಲಿ ಎಂದು ಅಮ್ಮನೇ ಅಡುಗೆಮನೆಯ ಶೆಲ್ಫಿನಿಂದ ಹಳದಿ ಬಣ್ಣದ ಸಾಸಿವೆ ಡಬ್ಬಿ ಖಾಲಿ ಮಾಡಿ ಫೆಸ್ಟಿಯ ಕೈಗೆ ಕೊಟ್ಟಿದ್ದಳು. ಬೇಸಿಗೆಯಲ್ಲಿ ನಾನು ಹುಟ್ಟಿದ ಮೇಲೆ ಫೆಸ್ಟಿ ಅವಳನ್ನು ಕರೆದುಕೊಂಡು ಹೋಗಿ ಕಿಟಕಿಯ ಕೆಳಗೆ ತಾನು ನೆಟ್ಟ ಕಲ್ಲು ತೋರಿಸಿದ. ಆವತ್ತಿನಿಂದ ಇಪ್ಪತ್ತೈದು ವರ್ಷ, ಪ್ರತಿ ಭಾನುವಾರ, ನವೆಂಬರಿನಲ್ಲಾದರೆ ದಿನಾ, ಅವಳು ಆ ಕಲ್ಲಿನ ಮುಂದೆ ಮಂಡಿಯೂರಿದಳು. ನವೆಂಬರಿನಲ್ಲಿ ಫೆಸ್ಟಿಯೂ ಟೋಪಿ ತೆಗೆದು ಪಕ್ಕದಲ್ಲಿ ಮಂಡಿಯೂರುತ್ತಿದ್ದ. ಅವಳು ಹೋಗುವ ಮೊದಲೇ ಹೋಗಿ ಅಲ್ಲಿನ ತುರಿಕೆ ಗಿಡ ಸವರಿ ಇಟ್ಟಿರುತ್ತಿದ್ದ.

ಕೆಲಸ ಶುರುವಾದ ಮೊದಲ ಭಾನುವಾರ ಫಾದರ್ ಗಿಲ್ವಾರಿ ಪೀಠದಿಂದ ನಿಯಮ ಓದಿದರು. ಹಾಸುಗಲ್ಲು ಬಿದ್ದ ಮೇಲೆ ಒಳಗೆ ಯಾರನ್ನೂ ಹೂಳುವ ಹಾಗಿಲ್ಲ. ಗಂಡನೋ ಹೆಂಡತಿಯೋ ಈಗಾಗಲೇ ಒಳಗೆ ಮಲಗಿರುವುದು ಅಗೆತದಲ್ಲಿ ಕಂಡುಬಂದರೆ, ಜೊತೆಯವರಿಗೆ ಮಾತ್ರ ಜಾಗ. ಎಲುಬುಗಳನ್ನು ಮರ್ಯಾದೆಯಿಂದ ಎತ್ತಿ, ನೆಲ ಗಟ್ಟಿ ಮಾಡಿ, ಅಲ್ಲೇ ಮತ್ತೆ ಇಳಿಸಲಾಗುವುದು.

ಅಮ್ಮನಿಗೆ ಆಗಲೇ ಎದೆ ಸರಿಯಿರಲಿಲ್ಲ. ದಿಬ್ಬ ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದಳು. ಮೈಲ್ಸ್ ಪಕ್ಕದಲ್ಲಿ ಮಲಗಬೇಕೆಂಬುದೊಂದೇ ಅವಳ ಆಸೆ, ಬೇರೇನನ್ನೂ ಅವಳು ಕೇಳಿದವಳಲ್ಲ. ಅವತ್ತು ಮನೆಗೆ ಬಂದವಳೇ ಪೆಟ್ಟಿಗೆ ತೆಗೆದು, ಮದುವೆಯಲ್ಲಿ ಅವಳಮ್ಮ ಕೊಟ್ಟಿದ್ದ ಬಿಳಿ ಲಿನನ್ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿದಳು. ಗಂಡನ ಎಲುಬು ಸುತ್ತುವುದಕ್ಕೆ.

ಸಂಜೆ ಫೆಸ್ಟಿ ಬಂದ. ಬಟ್ಟೆ ನೋಡಿ ಕುರ್ಚಿಯ ತುದಿಯಲ್ಲಿ ಕೂತ.

"ಡೀಲಿಯಾ, ಮೈಲ್ಸ್ ಕಲ್ಲಿನ ಹತ್ರ ಅಗೆಯೋದು ಬೇಡ ಅಂತ ಆ ಟ್ವೊಮಿಗೆ ಹೇಳಿಬಿಡೋಣ. ಮಲಗಿದವನನ್ನ ಯಾಕೆ ಎಬ್ಬಿಸ್ತೀಯ?"

"ಎಬ್ಬಿಸಿದ್ರೆ ಏಳ್ತಾನಾ ಅವನು? ಬದುಕಿದ್ದಾಗಲೇ ಎಂಟು ಗಂಟೆಗೆ ಮೊದಲು ಎದ್ದವನಲ್ಲ."

"ತಮಾಷೆ ಅಲ್ಲ ಕಣೆ. ನೋಡಬಾರದ್ದನ್ನ ನೋಡಿ ಎದೆ ಕೆಡಿಸಿಕೊಳ್ತೀಯ."

"ಅಗೆದು ನೋಡದಿದ್ರೆ ಪಾದ್ರಿ ಜಾಗ ಕೊಡಲ್ಲ. ಆಮೇಲೆ ರಸ್ತೆ ಪಕ್ಕದ ಹೊಸ ಸ್ಮಶಾನದಲ್ಲಿ, ಬಸ್ಸು ಹೋದಾಗೆಲ್ಲ ಅದುರ್ತಾ ಮಲಗಬೇಕು ನಾನು. ಚಹಾ ಕುಡಿ, ತಣ್ಣಗಾಗುತ್ತೆ."

ಚಹಾ ತಣ್ಣಗಾಯಿತು. ಆ ವಾರದಲ್ಲಿ ಅವನು ಇನ್ನೂ ಎರಡು ಸಲ ಅದೇ ಮಾತು ತೆಗೆದ. ಅಮ್ಮ ಅದನ್ನು ಅವನ ಪ್ರೀತಿಯ ಲೆಕ್ಕಕ್ಕೆ ಹಾಕಿದಳು.

ಅಗೆತದ ಮೂರನೆಯ ವಾರದಲ್ಲಿ ಮಿಸ್ ಟ್ವೊಮಿ ನನ್ನನ್ನು ಗುಂಡಿಯೊಂದರ ಪಕ್ಕ ಕೂರಿಸಿ ಮಣ್ಣಿನ ಗೋಡೆಯಲ್ಲಿ ಬೆರಳಗಲದ ಒಂದು ಕರಿಗೆರೆ ತೋರಿಸಿದ್ದರು.

"ನೋಡು ವಿನ್ನಿ, ಇದು ಚಾವಣಿ ಉರಿದು ಬಿದ್ದ ದಿನದ ಮಸಿ. ಇಡೀ ಇಗರ್ಜಿಯ ನೆಲದಲ್ಲಿ ಒಂದೇ ಮಟ್ಟದಲ್ಲಿ ಹಾಸಿಕೊಂಡಿದೆ. ಆಮೇಲೆ ಯಾರಾದ್ರೂ ಗುಂಡಿ ತೆಗೆದಿದ್ರೆ ಅಲ್ಲಿ ಗೆರೆ ಕಡಿದಿರುತ್ತೆ. ಕಡಿದ ಕಡೆ ಗೋರಿ, ಕಡಿಯದ ಕಡೆ ಬರೀ ನೆಲ. ಇಷ್ಟೇ ಪಾಠ."

ಆಮೇಲೆ ಚಹಾ ಕೊಡಲು ಹೋದಾಗೆಲ್ಲ ನನ್ನ ಕಣ್ಣು ಆ ಗೆರೆಯನ್ನೇ ಹುಡುಕುತ್ತಿತ್ತು. ಅಲ್ಲಲ್ಲಿ ಅದು ತಟ್ಟನೆ ನಿಂತು, ಒಂದಾಳು ಉದ್ದ ಬಿಟ್ಟು ಮತ್ತೆ ಶುರುವಾಗುತ್ತಿತ್ತು. ಅಲ್ಲೆಲ್ಲ ನಮ್ಮ ಊರಿನವರಿದ್ದರು.

ಅಪ್ಪನ ಕಲ್ಲಿನ ಸರದಿ ಮೇ ತಿಂಗಳ ಒಂದು ಬುಧವಾರ ಬಂತು. ಅಮ್ಮ ಅಡುಗೆಮನೆಯ ಕುರ್ಚಿ ಹೊರಿಸಿಕೊಂಡು ಬಂದು, ಕಿಟಕಿಯ ಎದುರು ಹಾಕಿ, ತೊಡೆಯ ಮೇಲೆ ಲಿನನ್ ಮಡಚಿಟ್ಟು ಕೂತಳು. ಆ ಚೌಕವನ್ನು ತಾನೇ ಅಗೆಯುತ್ತೇನೆಂದು ಫೆಸ್ಟಿ ಹೇಳಿದ. ಅಂದು ಅಗೆದವನು ಅವನೇ ಆದ್ದರಿಂದ ಅದು ಸರಿಯೆಂದೇ ಎಲ್ಲರಿಗೂ ಅನಿಸಿತು. ಅವನು ಕಲ್ಲು ಕಿತ್ತ, ಹುಲ್ಲು ಕೆತ್ತಿದ, ಆಮೇಲೆ ಸನಿಕೆಯನ್ನು ಚಮಚದ ಹಾಗೆ ಆಡಿಸತೊಡಗಿದ.

"ಏನೋ ಫೆಸ್ಟಿ, ಕೋಳಿ ಕೆದಕಿದ ಹಾಗೆ?" ಎಂದು ಯಾರೋ ಕೂಗಿದರು. "ಡೀಲಿಯಾನೂ ಒಳಗೆ ಹೋಗೋ ಹೊತ್ತಿಗಾದ್ರೂ ಮುಗಿಸ್ತೀಯಾ?"

ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಫೆಸ್ಟಿ ನಗಲಿಲ್ಲ. ಹನ್ನೊಂದರ ಹೊತ್ತಿಗೆ ಮಿಸ್ ಟ್ವೊಮಿ ತಾಳ್ಮೆಗೆಟ್ಟು, ಕರಣೆ ಹಿಡಿದು ತಾವೇ ಇಳಿದರು. ಅರ್ಧ ಗಂಟೆ ಕೆರೆದರು. ಆಮೇಲೆ ತಲೆ ಎತ್ತಿ ಅಮ್ಮನನ್ನು ನೋಡದೆ ನನ್ನನ್ನು ನೋಡಿದರು.

"ವಿನ್ನಿ, ಇಲ್ಲಿ ಬಾ."

ನಾನು ಹೋದೆ. ಅವರು ಹೇಳಬೇಕಾಗಿರಲಿಲ್ಲ. ಕರಿಗೆರೆ ಚೌಕದ ಈ ಅಂಚಿನಿಂದ ಆ ಅಂಚಿನವರೆಗೆ, ಕಂಬಳಿಯ ಅಂಚಿನ ಹಾಗೆ, ಎಲ್ಲೂ ತುಂಡಾಗದೆ ಹೋಗಿತ್ತು.

"ಏನಂತೆ?" ಎಂದಳು ಅಮ್ಮ.

"ಇಲ್ಲಿ ಯಾರೂ ಅಗೆದೇ ಇಲ್ಲ ಅಮ್ಮ. ಇಗರ್ಜಿ ಸುಟ್ಟ ದಿನದಿಂದ."

"ಹಾಗಾದ್ರೆ ನಿನ್ನಪ್ಪ ಮಳೆನೀರಿನ ಹಾಗೆ ಇಂಗಿಹೋದ್ನಾ? ಫೆಸ್ಟಿ, ಹೇಳೋ ಇವರಿಗೆ."

ಫೆಸ್ಟಿ ಗುಂಡಿಯ ಅಂಚಿನಲ್ಲಿ ಸನಿಕೆಗೆ ಒರಗಿ ನಿಂತಿದ್ದ.

"ಬಂಡೆ ಸಿಕ್ಕಿತು ಡೀಲಿಯಾ," ಎಂದ. "ಅವತ್ತು ಬೆಳಿಗ್ಗೆ ನಾನೊಬ್ಬನೇ ಮುಂದೆ ಬಂದೆ ನೋಡು, ಉಳಿದ ಮೂವರು ಪೆಟ್ಟಿಗೆ ಹೊತ್ತು ಹೊಲದ ಮೇಲೆ ಬರ್ತಿದ್ರು. ಎರಡಡಿಗೆ ಬಂಡೆ. ಏನು ಮಾಡಲಿ? ಹೊರಗೆ ಅಗೆದೆ. ನೀನು ಬಸುರಿ, ಹೇಳಬಾರದು ಅಂತ ನಾಲ್ಕೂ ಜನ ಮಾತಾಡಿಕೊಂಡ್ವಿ."

ಆ ಮೂವರಲ್ಲಿ ಇಬ್ಬರು ಆಮೇಲೆ ಮ್ಯಾಂಚೆಸ್ಟರಿಗೆ ಹೋದವರು ತಿರುಗಿ ಬರಲಿಲ್ಲ, ಒಬ್ಬ ಸತ್ತಿದ್ದ. ಅಮ್ಮ ಲಿನನ್ನಿನ ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂತಳು. ಅವಳ ಮುಖ ನಿಧಾನವಾಗಿ ಸಡಿಲವಾದದ್ದನ್ನು ನಾನು ನೋಡಿದೆ. ಕ್ಷಮಿಸುವ ದಾರಿ ಹುಡುಕುತ್ತಿದ್ದಳು.

"ಬಸುರಿ ಅಂತ ಹೇಳಲಿಲ್ಲ, ಸರಿ. ಆಮೇಲೆ ಹೇಳಬಹುದಿತ್ತಲ್ಲೋ ಪೆದ್ದ. ಇಪ್ಪತ್ತೈದು ವರ್ಷ ಇತ್ತು."

ಆಗ ಮಿಸ್ ಟ್ವೊಮಿ, ಏನೂ ಅರಿಯದೆ, ತಮ್ಮ ಕೆಲಸದ ಮಾತು ಆಡಿದರು. "ಬಂಡೆಯಾ? ಇಲ್ಲಿ ಬಂಡೆ ಇಲ್ವಲ್ಲ." ಒಂದು ಕಬ್ಬಿಣದ ಸರಳು ತೆಗೆದು ಕರಿಗೆರೆಯ ಮೇಲಿಟ್ಟು ಒತ್ತಿದರು. ಅದು ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. "ನಾಲ್ಕಡಿ ಮೆತ್ತಗಿನ ಮಣ್ಣು. ಅಲ್ಲದೆ ಎರಡಡಿ ಅಗೆದಿದ್ರೆ ಈ ಗೆರೆ ಕಡಿಯಬೇಕಿತ್ತು. ಇದಿರೋದು ಒಂದೂವರೆ ಅಡಿಯಲ್ಲಿ."



"ನೀನು ಇಲ್ಲಿ ಸನಿಕೆ ಊರಲೇ ಇಲ್ಲ," ಎಂದಳು ಅಮ್ಮ. "ಒಂದು ಹೆಂಟೆ ಕೂಡ ಎತ್ತಲಿಲ್ಲ."

ಫೆಸ್ಟಿ ಟೋಪಿ ತೆಗೆದ.

"ಮೈಲ್ಸ್ ಎಲ್ಲಿ?"

ಅವನು ಟೋಪಿ ಹಿಡಿದ ಕೈಯನ್ನೇ ಉತ್ತರದ ಗೋಡೆಯ ಕಡೆಗೆ ಚಾಚಿದ. ಒಬ್ಬ ಆಳು ಶಿಲುಬೆಯ ಗುರುತು ಹಾಕಿಕೊಂಡ. ಅಮ್ಮ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ನನ್ನ ತೋಳು ಹಿಡಿದು ಮನೆಗೆ ನಡೆದಳು. ಆ ಸಂಜೆ ಫೆಸ್ಟಿಯ ಕುರ್ಚಿಯನ್ನು ಒಲೆಯ ಮುಂದಿನಿಂದ ಎತ್ತಿ ಗೋಡೆಗೆ ಇಟ್ಟಳು, ಅಷ್ಟೆ.

ಮರುದಿನ ಬೆಳಿಗ್ಗೆ ಅವಳು ನೇರವಾಗಿ ಮಿಸ್ ಟ್ವೊಮಿಯ ಬಳಿಗೆ ಹೋದಳು. ನೀರು ಹರಿಯುವ ಕಾಲುವೆಗಾಗಿ ಉತ್ತರದ ಗೋಡೆಯ ಪಕ್ಕ ಹೇಗೂ ಅಗೆಯುವುದಿತ್ತು. ಫಾದರ್ ಗಿಲ್ವಾರಿ ಮುಖ ಕಿವುಚಿದರು, ಆದರೆ ಬೇಡ ಎನ್ನಲಿಲ್ಲ. ಫೆಸ್ಟಿ ಬಂದು ಒಂದು ಜಾಗ ತೋರಿಸಿದ: ಗೋಡೆಯಿಂದ ಮೂರು ಹೆಜ್ಜೆ, ಮುಳ್ಳಿನ ಮರದ ಬೇರಿನ ಈಚೆ. ಬರೀ ಹುಲ್ಲು.

"ನಿನ್ನ ಬೆರಳು ನೋಡ್ಕೊಂಡು ಇಪ್ಪತ್ತೈದು ವರ್ಷ ಮಂಡಿಯೂರಿದ್ದು ಸಾಕು," ಎಂದಳು ಅಮ್ಮ. "ಅಗಿ."

"ಬೇರೆ ಯಾರಾದ್ರೂ ಅಗೀಲಿ ಡೀಲಿಯಾ."

"ಅವತ್ತು ಅಗೆದ ಕೈಯೇ ಅಗೀಲಿ."

ಅವನು ಅಗೆದ. ಹಿಂದಿನ ದಿನದ ಹಾಗೆ ಕೆದಕಲಿಲ್ಲ. ಹೊಲ ಅಗೆಯುವವನ ಹಾಗೆ ಒಂದೇ ಸಮನೆ ಅಗೆದ, ಹುಲ್ಲಿನ ಹೆಂಟೆಗಳನ್ನು ಒಂದು ಕಡೆ, ಮಣ್ಣನ್ನು ಇನ್ನೊಂದು ಕಡೆ ಹಾಕುತ್ತ. ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ಇದ್ದಕ್ಕಿದ್ದಂತೆ ಸನಿಕೆಯನ್ನು ಎತ್ತಿ ಹೊರಗಿನ ಹುಲ್ಲಿನ ಮೇಲಿಟ್ಟ. ಗುಂಡಿಯಿಂದ ಹತ್ತಿ ಬಂದ.

"ಸೊಂಟ ಹಿಡೀತಾ?" ಎಂದನೊಬ್ಬ.

"ಸೊಂಟ ಅಲ್ಲ. ಇನ್ನು ಮುಂದಿನದು ನಾನು ಅಗೆಯೋ ಹಾಗಿಲ್ಲ."

ಮಿಸ್ ಟ್ವೊಮಿಗೆ ಅದು ತಿಳಿಯಲಿಲ್ಲ. ಆದರೆ ಅಲ್ಲಿದ್ದ ನಮ್ಮ ಊರಿನ ಪ್ರತಿಯೊಬ್ಬರಿಗೂ ತಿಳಿಯಿತು. ಸೊಂಟ ನೋಯಲಿ, ಮಳೆ ಬರಲಿ, ನಮ್ಮಲ್ಲಿ ಗಂಡಸೊಬ್ಬ ಅಗೆಯುತ್ತಿರುವ ಗುಂಡಿಯಿಂದ ಹಾಗೆ ಹೊರಬರುವುದಕ್ಕೆ ಒಂದೇ ಕಾರಣ: ಕೆಳಗಿರುವುದು ಅವನ ಸ್ವಂತ ರಕ್ತ. ಮಾತಾಡಿದವನು ತಲೆ ತಗ್ಗಿಸಿದ. ಅಮ್ಮ ಫೆಸ್ಟಿಯನ್ನೇ ನೋಡುತ್ತಿದ್ದಳು, ಈಗಷ್ಟೇ ಪರಿಚಯವಾದವನನ್ನು ನೋಡಿದ ಹಾಗೆ.

ಮಿಸ್ ಟ್ವೊಮಿ ಕರಣೆ ಹಿಡಿದು ಇಳಿದರು. ಮೊದಲು ಸಿಕ್ಕಿದ್ದು ಒಂದು ತಗಡಿನ ಡಬ್ಬಿ, ಬಾಯಿ ತೆರೆದು ಮಗುಚಿಕೊಂಡಿತ್ತು. ತುಕ್ಕು ತಿಂದ ಕಡೆ ಬಿಟ್ಟು ಉಳಿದ ಕಡೆ ಹಳದಿ ಬಣ್ಣ. ಅದರ ಕೆಳಗೆ ಕೊಳೆತ ಹಲಗೆಗಳ ಪೆಟ್ಟಿಗೆ, ರೊಟ್ಟಿ ಇಡುವ ಡಬ್ಬಿಯಷ್ಟೇ ದೊಡ್ಡದು. ಅವರು ಹಲಗೆ ಎತ್ತಿ ನೋಡಿ ತಕ್ಷಣ ಮತ್ತೆ ಮುಚ್ಚಿದರು. ಅದಕ್ಕೂ ಕೆಳಗೆ ದೊಡ್ಡ ಶವಪೆಟ್ಟಿಗೆ. ಕುಸಿದ ಮುಚ್ಚಳದ ಸಂದಿಯಲ್ಲಿ ಎದೆಯ ಜಾಗದಲ್ಲಿ ಒಂದು ಚಿಕ್ಕ ಉಳಿ. ಅದನ್ನು ಅಪ್ಪನ ಕೈಯಲ್ಲಿ ಇಟ್ಟವಳು ಅಮ್ಮನೇ.

"ಆ ಡಬ್ಬಿ ಕೊಡಮ್ಮಾ," ಎಂದಳು. ಮಿಸ್ ಟ್ವೊಮಿ ಕೊಟ್ಟರು. ಅಮ್ಮ ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು.

"ಇದರಲ್ಲಿದ್ದ ಮಣ್ಣು ಮೈಲ್ಸ್ ಮೇಲೆ ಬಿತ್ತಾ ಫೆಸ್ಟಿ?"

"ಇಲ್ಲ."

"ಎಷ್ಟಾದ್ರೂ? ಒಂದು ಚಿಟಿಕೆ?"

"ಎಲ್ಲಾ ಅವಳ ಮೇಲೇ ಸುರಿದೆ." ಅವನ ಧ್ವನಿ ಕೇಳಿಸುವಷ್ಟೇ ಇತ್ತು. "ಹಿಮ ಬೀಳೋಕೆ ಒಂದು ವಾರ ಮೊದಲು. ಹೆಣ್ಣು ಕೂಸು. ಉಸಿರೇ ಎಳೀಲಿಲ್ಲ. ಪಾದ್ರಿ ಜ್ಞಾನಸ್ನಾನ ಆಗಲ್ಲ ಅಂದ್ರು, ನಾನೊಬ್ಬನೇ ತಂದು ಇಲ್ಲಿ ಇಟ್ಟೆ. ಬಿಡ್ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಕೂಸು ಕತ್ತಲಲ್ಲಿ ಒಂದೇ ಇದೆ, ಒಂದೇ ಇದೆ ಅಂತಿದ್ಲು. ಆಮೇಲೆ ಮಂತ್ರಿಸಿದ ಮಣ್ಣು ನಿನ್ನ ಡಬ್ಬಿಯಲ್ಲಿ ನನ್ನ ಕೈಗೆ ಬಂತು. ಮೈಲ್ಸ್‌ನಂಥ ಒಬ್ಬ ಮನುಷ್ಯ ಪಕ್ಕದಲ್ಲಿದ್ದು, ಮೇಲೆ ಆ ಮಣ್ಣು ಬಿದ್ರೆ, ದೇವರು ಈ ಕಡೆ ಒಂದು ಸಲ ತಿರುಗಿ ನೋಡ್ತಾನೆ ಅಂದ್ಕೊಂಡೆ. ಪೆಟ್ಟಿಗೆ ಇಳಿಸಿದ ಮೇಲೆ ಚಳಿ ಕಾಯಿಸ್ಕೊಳ್ಳಿ ಹೋಗಿ ಅಂತ ಅವರನ್ನ ಕಳಿಸಿ, ಕೂಸಿನ ಪೆಟ್ಟಿಗೆ ಎತ್ತಿ ಅವನ ಮೇಲಿಟ್ಟು, ನಾನೇ ಮುಚ್ಚಿದೆ."

"ನವೆಂಬರಿನಲ್ಲಿ ನನ್ನ ಪಕ್ಕ ಮಂಡಿಯೂರಿ ಯಾರಿಗೋಸ್ಕರ ಜಪಮಾಲೆ ಎಣಿಸ್ತಿದ್ದೆ?"

"ಇಬ್ಬರಿಗೂ."

"ಆಗ ಈ ಕಡೆ ಮುಖ ಮಾಡಿದ್ದಾದ್ರೂ ಇತ್ತಾ?"

ಅವನು ಗುಂಡಿಯ ಕಡೆಗೆ ಮುಖ ತಿರುಗಿಸಿದ.

"ಕೂಸಿಗೆ ನಾನು ಇಲ್ಲ ಅಂತಿರಲಿಲ್ಲ," ಎಂದಳು ಅಮ್ಮ. "ಮೈಲ್ಸೂ ಅಂತಿರಲಿಲ್ಲ. ಅವನ ತೋಳಲ್ಲೇ ಇಡು ಅಂತಿದ್ದೆ. ನಿನ್ನ ಹೆಂಡತಿಗೆ ಹೇಳಿ ಇಬ್ಬರೂ ಸೇರಿ ಇಲ್ಲಿಗೆ ಬರ್ತಿದ್ವಿ. ನೀನು ಕೇಳಲಿಲ್ಲ. ಕದ್ದೆ. ಕದ್ದು, ನನ್ನನ್ನ ಬರೀ ನೆಲದ ಮುಂದೆ ಕೂರಿಸಿ, ತುರಿಕೆ ಗಿಡ ಸವರಿಕೊಟ್ಟೆ."

"ಡೀಲಿಯಾ..."

"ಆ ಕೂಸನ್ನ ಯಾರೂ ಮುಟ್ಟಬೇಡಿ, ಅದರ ತಪ್ಪೇನಿದೆ. ಹೇಗಿತ್ತೋ ಹಾಗೇ ಮುಚ್ಚಿ. ನಾನೂ ಇಲ್ಲೇ ಬರ್ತೀನಿ. ಆದ್ರೆ ಎಲ್ಲರೂ ಕೇಳಿಸ್ಕೊಳ್ಳಿ, ನನ್ನ ಗುಂಡಿಗೆ ಇವನ ಸನಿಕೆ ತಾಗಬಾರದು."

ನೆರೆಯವನಿಗೆ ಅದಕ್ಕಿಂತ ದೊಡ್ಡ ಮಾತು ನಮ್ಮ ಊರಲ್ಲಿಲ್ಲ. ಕೋರ್ಟಿಗೆ ಹೋದವರೂ, ಬೇಲಿಗಾಗಿ ತಲೆ ಒಡೆದುಕೊಂಡವರೂ, ಗುಂಡಿ ಅಗೆಯುವ ದಿನ ಸನಿಕೆ ಹಿಡಿದು ಬರುತ್ತಾರೆ, ಬರಬೇಡ ಎಂದವರಿಲ್ಲ.

ಮನೆಗೆ ಬಂದು ಅಮ್ಮ ಡಬ್ಬಿ ತೊಳೆದು ಶೆಲ್ಫಿನಲ್ಲಿ ಖಾಲಿಯೇ ಇಟ್ಟಳು. ಲಿನನ್ ಬಟ್ಟೆಯನ್ನು ಕತ್ತರಿಯಿಂದ ಎಂಟು ತುಂಡು ಮಾಡಿದಳು. ಅಮ್ಮ ಇರುವವರೆಗೂ ನಮ್ಮ ಮನೆಯ ತಟ್ಟೆಗಳನ್ನು ಅದರಲ್ಲೇ ಒರೆಸಿದ್ದೇವೆ.

ಮುಂದಿನ ಶರತ್ಕಾಲಕ್ಕೆ ಇಗರ್ಜಿಗೆ ಚಾವಣಿ ಬಂತು. ಬಿಷಪ್ಪರು ಬಂದರು, ಓಕ್ ಮರದ ತೊಲೆಗಳ ವಾಸನೆ ರಸ್ತೆಯವರೆಗೂ ಹರಡಿತ್ತು. ಅಪ್ಪ ಕಟ್ಟಿದ ಕಿಟಕಿಗೆ ಗಾಜು ಕೂರಿಸಿದ್ದರು. ಅದರ ಕೆಳಗೆ ಹಾಸುಗಲ್ಲು ನುಣ್ಣಗೆ, ಯಾರದ್ದೂ ಅಲ್ಲದೆ. ಅಮ್ಮ ಒಳಗೆ ಕಾಲಿಡಲಿಲ್ಲ. ಉತ್ತರದ ಗೋಡೆಯಾಚೆ ಹುಲ್ಲಿನಲ್ಲಿ ನಿಂತು, ಒಳಗಿನ ಹಾಡು ಕೇಳಿದಳು.

ಫೆಸ್ಟಿ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಆದರೆ ಆಗಾಗ ಬೆಳಿಗ್ಗೆ ನಮ್ಮ ಗೇಟಿನ ಪಕ್ಕ ಜೌಗಿನಿಂದ ಕೊಯ್ದ ಒಣಗಿದ ಉರುವಲು ಹೆಂಟೆಗಳ ಒಂದು ಬುಟ್ಟಿ ಇರುತ್ತಿತ್ತು. ಅಮ್ಮ ಅದನ್ನು ಒಳಗೆ ತರಬೇಡ ಎಂದಳು. ಮಳೆಗೆ ನೆನೆದು, ಕರಗಿ, ಕಪ್ಪು ಕೆಸರಾಗುತ್ತಿತ್ತು. ನಾನು ರಸ್ತೆಯಲ್ಲಿ ಅವನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದೆ. ನನಗೆ ಬೂಟು ತೊಡಿಸಿದ್ದು, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ್ದು, ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡುತ್ತಿದ್ದೆ. ಅವನು ಎತ್ತಿಕೊಂಡಿದ್ದು ನನ್ನನ್ನೋ, ಮುಳ್ಳಿನ ಮರದ ಬುಡದಲ್ಲಿದ್ದ ಅವಳನ್ನೋ? ಕೇಳಬಹುದಿತ್ತು. ನಾನೂ ಕೇಳಲಿಲ್ಲ.

ಎಪ್ಪತ್ತನಾಲ್ಕರ ಮಾರ್ಚಿನಲ್ಲಿ ಅಮ್ಮ ಹೋದಳು. ಫಾದರ್ ಗಿಲ್ವಾರಿ ಆ ಹೊತ್ತಿಗೆ ಉತ್ತರದ ನೆಲವನ್ನೂ ಮಂತ್ರಿಸಿದ್ದರು. ನಾಲ್ಕು ಜನ ನೆರೆಯವರು ಎರಡು ಸನಿಕೆಗಳಿಂದ ಸರದಿಯಲ್ಲಿ ಅಪ್ಪನ ಪಕ್ಕದಲ್ಲಿ ಗುಂಡಿ ಅಗೆದರು. ಮಳೆ ಸಣ್ಣಗೆ ಬೀಳುತ್ತಿತ್ತು. ಫೆಸ್ಟಿ ಕಾಂಪೌಂಡು ಗೋಡೆಯ ಆಚೆ, ರಸ್ತೆಯಲ್ಲಿ, ತನ್ನ ಸನಿಕೆ ಹಿಡಿದು ನಿಂತಿದ್ದ. ಬರಬೇಡ ಎಂದರೂ ಸನಿಕೆ ಇಲ್ಲದೆ ಹೇಗೆ ಬರುವುದೆಂದು ಅವನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಪೆಟ್ಟಿಗೆ ಇಳಿಸಿದರು, ಮಣ್ಣು ಎಳೆಯತೊಡಗಿದರು. ಅರ್ಧ ಮುಚ್ಚುವಷ್ಟರಲ್ಲಿ ಒಂದು ಸನಿಕೆ ಕಲ್ಲಿಗೆ ತಾಗಿ ಹಿಡಿ ಮುರಿಯಿತು. ಮುಚ್ಚಿ ಮುಗಿದ ಮೇಲೆ ಗೋರಿಯ ಮೇಲೆ ಎರಡು ಸನಿಕೆಗಳನ್ನು ಶಿಲುಬೆಯ ಹಾಗೆ ಅಡ್ಡಡ್ಡ ಇಡುವುದು ನಮ್ಮ ಪದ್ಧತಿ, ಒಂದರಿಂದ ಆಗುವುದಿಲ್ಲ. ಎಲ್ಲರೂ ನಿಂತರು. ಆಗ ಗೋಡೆಯ ಮೇಲಿಂದ ಫೆಸ್ಟಿಯ ಸನಿಕೆ ಈಚೆ ಬಂತು. ಹಿಡಿಯನ್ನು ನಮ್ಮ ಕಡೆಗೆ ಮಾಡಿ ಚಾಚಿದ್ದ. ಅದು ನುಣ್ಣಗೆ ಸವೆದು ಹೊಳೆಯುತ್ತಿತ್ತು.

ಸನಿಕೆ ಮುರಿದವನು ಕೈ ಚಾಚಲು ಹೋಗಿ ನನ್ನ ಮುಖ ನೋಡಿದ.

"ಹೆನೆಗನ್ ಮನೆಗೆ ಹೋಗಿ ಒಂದು ತನ್ನಿ," ಎಂದೆ.

"ವಿನ್ನಿ, ಅರ್ಧ ಮೈಲಿ ಇದೆ. ಮಳೆ ಬರ್ತಿದೆ."

"ಕಾಯ್ತೀವಿ."

ಅವನು ಹೋದ. ಇಡೀ ಊರು ಮಳೆಯಲ್ಲಿ ನಿಂತಿತು. ಯಾರೋ ಜಪಮಾಲೆ ಶುರುಮಾಡಿದರು, ಒಂದು ಸುತ್ತು ಮುಗಿದು ಇನ್ನೊಂದು ಹಿಡಿದರು. ಗೋಡೆಯ ಮೇಲೆ ಆ ಸನಿಕೆ ಚಾಚಿಕೊಂಡೇ ಇತ್ತು, ನೀರು ಅದರ ಹಿಡಿಯಿಂದ ಒಳಗೆ ತೊಟ್ಟಿಕ್ಕುತ್ತಿತ್ತು. 'ಈಗಲೂ, ನಮ್ಮ ಮರಣದ ವೇಳೆಯಲ್ಲೂ' ಎಂದು ಎಲ್ಲರೂ ಹೇಳುವಾಗ ಗೋಡೆಯಾಚೆಯಿಂದಲೂ ಒಂದು ಧ್ವನಿ, ಅರೆಕ್ಷಣ ಹಿಂದೆ ಬಿದ್ದು, ಸೇರುತ್ತಿತ್ತು. ಹೆನೆಗನ್ ಮನೆಯ ಸನಿಕೆ ಬರುವವರೆಗೂ ನಾನು ಆ ಕಡೆ ತಿರುಗಲಿಲ್ಲ.